ತಬ್ಬಲಿ ಇಲಿ ಮರಿಗಳನ್ನು ಸಾಕುತಾಯಿಗೆ ಸೇರಿಸಿದ ಮೇಲೆ ತೊಂದರೆಯಾದರೆ: ದೋಷ ಹುಡುಕುವ ಕೈಪಿಡಿ

ತಾಯಿ ಸತ್ತ ಮರಿಗಳನ್ನು ತಂದು, ಹಾಲೂಡಿಸುತ್ತಿರುವ ಇನ್ನೊಂದು ಸಾಕು ಇಲಿಯ ಗೂಡಿಗೆ ಸೇರಿಸಿದ್ದೀರಿ. ಎರಡು ಗಂಟೆ ಬಿಟ್ಟು ಇಣುಕಿದರೆ ಒಂದು ಮರಿ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿದೆ. ತಾಯಿ ಪಂಜರದ ಇನ್ನೊಂದು ತುದಿಯಲ್ಲಿ ಮೈ ಚಾಚಿ ಮಲಗಿದ್ದಾಳೆ. ಆಗ ಬಾಯಿಗೆ ಬರುವ ಮಾತು ಒಂದೇ: "ತಾಯಿ ಒಪ್ಪಿಕೊಳ್ಳಲಿಲ್ಲ."

ಆ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಹಾಲೂಡಿಸುವ ಹೆಣ್ಣಿಲಿ ಬೇರೆಯವಳ ಮರಿಗಳನ್ನು ದೂರ ತಳ್ಳುವುದು ಅಪರೂಪ. ಒಂದೇ ಪಂಜರದಲ್ಲಿರುವ ಎರಡು ಬಾಣಂತಿ ಇಲಿಗಳು ಮರಿಗಳನ್ನೆಲ್ಲ ಒಂದೇ ಗೂಡಿಗೆ ಸೇರಿಸಿಕೊಂಡು, ಯಾವುದು ಯಾರದ್ದು ಅಂತ ನೋಡದೆ ಹಾಲು ಕೊಡುವುದು ಸಾಮಾನ್ಯ. ತೊಂದರೆ ಬಂದರೆ ಕಾರಣ ಹೆಚ್ಚಾಗಿ ಬೇರೆಲ್ಲೋ ಇರುತ್ತದೆ. ಮರಿ ತಣ್ಣಗಾಗಿರುತ್ತದೆ. ಇಲ್ಲವೇ ತಾಯಿಗೆ ನೆಮ್ಮದಿ ಇರಲ್ಲ. ಇಲ್ಲವೇ ಹಾಲಿಗಿಂತ ಬಾಯಿ ಜಾಸ್ತಿ ಇರುತ್ತವೆ.

ನಾನು ಇದನ್ನು ಕಲಿತದ್ದು ಒಂದು ಮರಿಯನ್ನು ಕಳೆದುಕೊಂಡು. ನಮ್ಮ ಚುಕ್ಕಿಗೆ ಆಗ ನಾಲ್ಕು ದಿನದ ಏಳು ಮರಿಗಳಿದ್ದವು. ಮೂರು ದಿನದ ಐದು ತಬ್ಬಲಿ ಮರಿಗಳು ಒಂದು ಡಬ್ಬಿಯಲ್ಲಿ ಬಂದವು. ದಾರಿಯಲ್ಲಿ ಡಬ್ಬಿ ತಣ್ಣಗಾಗಿತ್ತು. ಆತುರದಲ್ಲಿ ಹಾಗೇ ಗೂಡಿನ ಅಂಚಿಗೆ ಇಟ್ಟೆ. ನಾಲ್ಕನ್ನು ಅವಳು ಒಂದೊಂದಾಗಿ ಒಳಗೆ ಎಳೆದುಕೊಂಡಳು. ಐದನೆಯದನ್ನು ಮೂಸಿ, ದಾಟಿ ಹೋದಳು. ಅವಳಿಗೆ ಬೇಡವಾಯಿತು ಅಂದುಕೊಂಡು ನಾನು ಆ ಮರಿಯನ್ನು ಎತ್ತಿ, ತಣ್ಣಗಿದ್ದ ಹೊಟ್ಟೆಗೇ ಹಾಲು ಹನಿಸಿದೆ. ಬೆಳಗಾಗುವಷ್ಟರಲ್ಲಿ ಅದು ಹೋಗಿತ್ತು. ಆ ಮರಿಗೆ ಮೊದಲು ಬೇಕಾಗಿದ್ದದ್ದು ಅರ್ಧ ಗಂಟೆಯ ಬಿಸುಪು.

ಅದಕ್ಕೇ ಕೆಳಗಿನದ್ದನ್ನೆಲ್ಲ ಬರೆಯುತ್ತಿದ್ದೇನೆ. ಓದುವಾಗ ನಿಮ್ಮ ಮುಂದೆ ಈಗಲೇ ಒಂದು ತಣ್ಣನೆಯ ಮರಿ ಇದ್ದರೆ, ಉಳಿದದ್ದು ಬಿಟ್ಟು "ಮರಿ ಗೂಡಿನ ಹೊರಗೆ ಬಿದ್ದಿದೆ" ಅನ್ನುವ ಭಾಗಕ್ಕೆ ಹೋಗಿ.

ಹುಡುಕುವ ಮುಂಚೆ

ಮೊದಲು ಸಾಕುತಾಯಿಗೆ ನಿಜವಾಗಿ ಹಾಲಿದೆಯಾ ನೋಡಿ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಮರಿ ಹಾಕದ ಹೆಣ್ಣಿಲಿ ಕೂಡ ಮರಿಗಳ ಜೊತೆ ಬಿಟ್ಟೂಬಿಡದೆ ಸುಮಾರು ಒಂದು ವಾರ ಇದ್ದರೆ ತಾಯಿಯಂತೆ ನಡೆದುಕೊಳ್ಳಲು ಶುರುಮಾಡುತ್ತಾಳೆ. ಗೂಡು ಕಟ್ಟುತ್ತಾಳೆ, ನೆಕ್ಕುತ್ತಾಳೆ, ಮೇಲೆ ಮಲಗುತ್ತಾಳೆ. 1967ರಲ್ಲಿ ಜೇ ರೋಸೆನ್‌ಬ್ಲಾಟ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ನೋಡುವವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಮರಿಗಳು ಮಾತ್ರ ಹಸಿವಿನಿಂದ ಸೊರಗುತ್ತವೆ. ಅಂಥವಳು ಬಿಸುಪು ಕೊಡಬಲ್ಲಳು, ಶುಚಿ ಮಾಡಬಲ್ಲಳು. ಹಾಲು ನೀವೇ ಕೊಡಬೇಕು. ನಿಜವಾಗಿ ಹಾಲೂಡಿಸುತ್ತಿರುವವಳ ಮೊಲೆತೊಟ್ಟುಗಳು ಎದ್ದು ಕಾಣುತ್ತವೆ. ಪ್ರತಿ ತೊಟ್ಟಿನ ಸುತ್ತ ಕೂದಲು ಸವೆದು ಬೋಳಾದ ಸಣ್ಣ ಬಳೆಯಂಥ ಗುರುತು ಇರುತ್ತದೆ.

ಎಣಿಕೆ ಮಾಡಿ. ಇಲಿಗೆ ಸಾಮಾನ್ಯವಾಗಿ 12 ಮೊಲೆತೊಟ್ಟುಗಳು. ಅವಳವು ಮತ್ತು ತಬ್ಬಲಿಗಳು ಸೇರಿ 12ರೊಳಗೆ ಇದ್ದರೆ ನಿಶ್ಚಿಂತೆ. ಒಂದೆರಡು ಜಾಸ್ತಿಯಾದರೂ ಸರದಿಯಲ್ಲಿ ಕುಡಿದು ಬದುಕುತ್ತವೆ, ಆದರೆ ನೀವು ದಿನಾ ಕಣ್ಣಿಟ್ಟಿರಬೇಕು.

ವಯಸ್ಸು ನೋಡಿ. ಹುಟ್ಟಿದ ಮರಿ ಸುಮಾರು 5ರಿಂದ 6 ಗ್ರಾಂ ತೂಗುತ್ತದೆ. ಮೈಮೇಲೆ ಕೂದಲಿಲ್ಲ, ಕಣ್ಣು ಕಿವಿ ಮುಚ್ಚಿರುತ್ತವೆ. ಮೂರು ನಾಲ್ಕು ದಿನಕ್ಕೆ ತಲೆಗೆ ಅಂಟಿಕೊಂಡಿದ್ದ ಕಿವಿಯ ಹಾಳೆ ಬಿಡಿಸಿಕೊಳ್ಳುತ್ತದೆ. ವಾರಕ್ಕೆ ನವಿರಾದ ಕೂದಲು ಕಾಣುತ್ತದೆ. ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತವೆ. ಎರಡೂ ಗುಂಪಿನ ವಯಸ್ಸಿನಲ್ಲಿ ಎರಡು ಮೂರು ದಿನದ ಅಂತರವಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ದೊಡ್ಡವು ಚಿಕ್ಕವನ್ನು ತಳ್ಳಿ ಹಾಕುತ್ತವೆ. ತಂದ ಮರಿ ಇಲಿಯದ್ದೇನಾ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ಚಿಟ್ಟಿಲಿಯ ಮರಿ ಹುಟ್ಟಿದಾಗ ಒಂದು, ಒಂದೂವರೆ ಗ್ರಾಂ ಅಷ್ಟೇ ಇರುತ್ತದೆ.

ಇನ್ನು, ಹೊರಗೆ ಸಿಕ್ಕ ಕಾಡು ಇಲಿ ಮರಿಗಳ ವಿಷಯ. ನನ್ನ ಅಭಿಪ್ರಾಯ ಕೇಳಿದರೆ, ಅವನ್ನು ಸಾಕಿದ ಇಲಿಯ ಗೂಡಿಗೆ ಹಾಕಬೇಡಿ. ಜೊತೆಗೆ ಹುಳ, ಚಿಗಟ, ಉಸಿರಾಟದ ಸೋಂಕು ಬರಬಹುದು. ಅವಳಿಗೆ ಬಂದರೆ ಅವಳ ಮರಿಗಳಿಗೂ ಬಂತು. ಇಲಿ ಜ್ವರ, ಇಲಿ ಕಡಿತದ ಜ್ವರ, ಹಂಟಾವೈರಸ್‌ನಂಥವು ಮನುಷ್ಯರಿಗೂ ದಾಟುತ್ತವೆ. ಆ ಮರಿಗಳನ್ನು ಬದುಕಿಸಬೇಕು ಅನ್ನಿಸಿದರೆ ಬೇರೆ ಕೋಣೆಯಲ್ಲಿ, ಕೈಗವಸು ಹಾಕಿಕೊಂಡು, ಕೈಯಲ್ಲೇ ಹಾಲು ಕೊಟ್ಟು ಸಾಕಿ. ಮುಂದೆ ಯಾವತ್ತಾದರೂ ನಿಮಗೆ ಜ್ವರ ಬಂದರೆ ಇಲಿ ಮುಟ್ಟಿದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹೊಟ್ಟೆಯ ಬಿಳಿ ಪಟ್ಟಿ

ಈ ಕೈಪಿಡಿಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೈ ಬೆಚ್ಚಗೆ ಮಾಡಿಕೊಂಡು ಮರಿಯನ್ನು ಅಂಗೈ ಮೇಲೆ ಮೆಲ್ಲಗೆ ಅಂಗಾತ ಹಿಡಿಯಿರಿ. ಮರಿಯ ಎಡಗಡೆ, ಪಕ್ಕೆಲುಬು ಮುಗಿಯುವ ಜಾಗದಲ್ಲಿ, ತೆಳು ಗುಲಾಬಿ ಚರ್ಮದ ಒಳಗೆ ಮೊಸರು ಬಣ್ಣದ ಒಂದು ಪಟ್ಟಿ ಕಾಣಬೇಕು. ಅದು ಹಾಲು ತುಂಬಿದ ಹೊಟ್ಟೆ. ಚೆನ್ನಾಗಿ ಕುಡಿದ ಮರಿಯಲ್ಲಿ ಆ ಪಟ್ಟಿ ಹೊಟ್ಟೆಯ ಅರ್ಧ ಅಗಲಕ್ಕೆ ಹರಡಿ ಉಬ್ಬಿರುತ್ತದೆ. ಆಗ ತಾನೇ ಕುಡಿಯಲು ಶುರುಮಾಡಿದ ಮರಿಯಲ್ಲಿ ದಾರದಷ್ಟು ಗೆರೆ ಇರುತ್ತದೆ. ಖಾಲಿ ಹೊಟ್ಟೆಯ ಮರಿಯಲ್ಲಿ ಬಿಳಿ ಇರಲ್ಲ, ಹೊಟ್ಟೆ ಒಳಗೆ ಎಳೆದಂತೆ ಇದ್ದು ಚರ್ಮ ಸುಕ್ಕು ಸುಕ್ಕಾಗಿರುತ್ತದೆ.

ಕಪ್ಪು ಚರ್ಮದ ಮರಿಗಳಲ್ಲಿ ಇದು ಕಾಣುವುದು ಕಷ್ಟ. ಪಕ್ಕದಿಂದ ಸಣ್ಣ ಟಾರ್ಚ್ ಬೆಳಕು ಬಿಟ್ಟು ನೋಡಿ. ಐದಾರು ದಿನ ಕಳೆದ ಮೇಲೆ ಚರ್ಮ ದಪ್ಪವಾಗಿ, ಕೂದಲು ಬಂದು ಪಟ್ಟಿ ಮರೆಯಾಗುತ್ತದೆ. ಅಲ್ಲಿಂದ ಮುಂದೆ ತಕ್ಕಡಿಯೇ ದಾರಿ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ಒಳ್ಳೆಯದು. ದಿನಾ ಒಂದೇ ಹೊತ್ತಿಗೆ ತೂಗಿ. ಮೊದಲ ವಾರದಲ್ಲಿ ದಿನಕ್ಕೆ ಒಂದು, ಒಂದೂವರೆ ಗ್ರಾಂ ಏರುತ್ತಾ, ವಾರ ಕಳೆಯುವಷ್ಟರಲ್ಲಿ ಹುಟ್ಟಿದ ತೂಕ ಎರಡು ಪಟ್ಟಾದರೂ ಆಗಿರಬೇಕು. 24 ಗಂಟೆ ತೂಕ ಏರದೆ ನಿಂತರೆ ಅದು ದೋಷ, ಕಾರಣ ಹುಡುಕಲೇಬೇಕು.

ತಬ್ಬಲಿಗಳನ್ನು ಗುರುತಿಸಲು ಬಾಲದ ಬುಡದಲ್ಲಿ ತಿನ್ನುವ ಬಣ್ಣದ ಒಂದು ಚುಕ್ಕೆ ಇಡಿ. ತಾಯಿ ನೆಕ್ಕಿ ಅಳಿಸುತ್ತಾಳೆ, ದಿನಾ ಹೊಸದಾಗಿ ಹಚ್ಚಬೇಕು. ಆದರೆ ನೋಡುವಾಗ ತಬ್ಬಲಿಗಳನ್ನಷ್ಟೇ ನೋಡಬೇಡಿ. ಎಷ್ಟೋ ಸಲ ಸೊರಗುವುದು ಅವಳ ಸ್ವಂತ ಮರಿಯೇ.

ಮರಿ ಗೂಡಿನ ಹೊರಗೆ ಬಿದ್ದಿದೆ

ಮುಟ್ಟಿ ನೋಡಿ. ಬೆಚ್ಚಗಿದ್ದು ಗುಲಾಬಿ ಬಣ್ಣವಿದ್ದರೆ ಗಾಬರಿ ಬೇಡ. ಹಾಲು ಕುಡಿಯುತ್ತಿದ್ದಾಗ ತಾಯಿ ದಡಕ್ಕನೆ ಎದ್ದರೆ ತೊಟ್ಟು ಬಿಡದೆ ಕಚ್ಚಿಕೊಂಡ ಮರಿ ಜೊತೆಗೇ ಎಳೆದುಕೊಂಡು ಬಂದು ದಾರಿಯಲ್ಲಿ ಬೀಳುತ್ತದೆ. ಅವಳೇ ವಾಪಸ್ ತೆಗೆದುಕೊಂಡು ಹೋಗುತ್ತಾಳೆ. ಹತ್ತು ನಿಮಿಷ ಕಾಯಿರಿ.

ತಣ್ಣಗಿದ್ದು, ಬಣ್ಣ ನೇರಳೆಯಾಗಿದ್ದರೆ ಅಥವಾ ಬಿಳಿಚಿಕೊಂಡಿದ್ದರೆ ಕಥೆ ಬೇರೆ. ಇಲಿ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳಲು ಮೊದಲ ದಿನಗಳಲ್ಲಿ ಆಗಲ್ಲ. ಗೂಡಿನಿಂದ ಹೊರಬಿದ್ದ ಮರಿ ಮೊದಲು ಕೂಗುತ್ತದೆ. ಆ ಕೂಗು ಸುಮಾರು 40 ಕಿಲೋಹರ್ಟ್ಸ್‌ನದ್ದು. ನಮ್ಮ ಕಿವಿ 20ರಾಚೆಗೆ ಕೇಳಲ್ಲ, ತಾಯಿಗೆ ಕೇಳುತ್ತದೆ, ಬಂದು ಎತ್ತಿಕೊಂಡು ಹೋಗುತ್ತಾಳೆ. ಮೈ ತೀರಾ ತಣ್ಣಗಾದರೆ ಮರಿ ಕೂಗುವುದನ್ನೇ ನಿಲ್ಲಿಸುತ್ತದೆ. ಕೂಗದ, ಅಲುಗಾಡದ, ತಣ್ಣನೆಯ ಮರಿ ತಾಯಿಗೆ ಸತ್ತದ್ದರ ಹಾಗೆ ಕಾಣುತ್ತದೆ. ಚುಕ್ಕಿ ದಾಟಿ ಹೋದದ್ದು ಅದಕ್ಕೇ.

ಮಾಡಬೇಕಾದದ್ದು ಇಷ್ಟು. ಮರಿಯನ್ನು ಒಣ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿಡಿ. ಡಬ್ಬಿಯ ಅರ್ಧ ಭಾಗದ ಕೆಳಗೆ ಮಾತ್ರ ಬಿಸಿನೀರಿನ ಬಾಟಲಿ ಅಥವಾ ಕಡಿಮೆ ಬಿಸಿಗೆ ಇಟ್ಟ ಹೀಟಿಂಗ್ ಪ್ಯಾಡ್ ಇರಲಿ. ಮರಿಯ ಹತ್ತಿರ ಸುಮಾರು 32ರಿಂದ 34 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಬಾಟಲಿಗೆ ನೇರವಾಗಿ ಮೈ ತಾಗಬಾರದು, ಈ ಚರ್ಮ ಬೇಗ ಸುಡುತ್ತದೆ. ಬೇರೇನೂ ಇಲ್ಲದಿದ್ದರೆ ನಿಮ್ಮ ಮುಷ್ಟಿಯೊಳಗೆ ಸಡಿಲವಾಗಿ ಹಿಡಿದುಕೊಂಡು ಕೂರಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕಾಗಬಹುದು, ಅವಸರ ಮಾಡಬೇಡಿ. ಬಣ್ಣ ತಿರುಗಿ, ಕಾಲು ಒದೆಯಲು ಶುರುವಾದ ಮೇಲೆ ಗೂಡಿನ ನಡುವೆ, ಬೇರೆ ಮರಿಗಳ ಕೆಳಗೆ ಸೇರಿಸಿ. ಬೆಚ್ಚಗಾಗುವ ತನಕ ಒಂದು ಹನಿ ಹಾಲೂ ಬೇಡ. ತಣ್ಣನೆಯ ಮರಿಯ ಹೊಟ್ಟೆ ಕೆಲಸ ಮಾಡಲ್ಲ, ನುಂಗುವುದೂ ಸರಿಯಾಗಲ್ಲ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಎಳೆ ಇಲಿ ಮರಿಗಳು ಚಳಿಯನ್ನು ನಾವು ಊಹಿಸುವುದಕ್ಕಿಂತ ಜಾಸ್ತಿ ತಡೆಯುತ್ತವೆ. ಸೆಟೆದು ತಣ್ಣಗಾದ ಮರಿ ಕೂಡ ಬಿಸುಪು ಸಿಕ್ಕಾಗ ಬಾಯಿ ತೆರೆದು ಉಸಿರೆಳೆದದ್ದನ್ನು ನಾನು ನೋಡಿದ್ದೇನೆ. ಬೆಚ್ಚಗೆ ಮಾಡಿ ನೋಡದೆ ಸತ್ತಿದೆ ಅಂತ ತೀರ್ಮಾನಿಸಬೇಡಿ.

ಬೆಚ್ಚಗಿನ ಮರಿಯನ್ನು ಒಳಗೆ ಇಟ್ಟರೂ ಮತ್ತೆ ಮತ್ತೆ ಅದೇ ಮರಿ ಹೊರಗೆ ಬರುತ್ತಿದ್ದರೆ ವಾಸನೆಯ ಕಡೆ ಗಮನ ಕೊಡಿ. ತಾಯಿಯನ್ನು ಅವಳಿಗಿಷ್ಟವಾದ ತಿನಿಸಿನ ಜೊತೆ ಬೇರೆ ಪಂಜರಕ್ಕೆ ಕಳಿಸಿ. ಕೈಗೆ ಸೋಪು, ಸೆಂಟಿನ ವಾಸನೆ ಇರದಂತೆ ಬರೀ ನೀರಲ್ಲಿ ತೊಳೆದು, ಗೂಡಿನ ಹಾಸನ್ನೇ ಕೈಗೆ ಉಜ್ಜಿಕೊಳ್ಳಿ. ಅವಳ ಮರಿಗಳು ಒದ್ದೆ ಮಾಡಿದ ಹಾಸನ್ನು ತಬ್ಬಲಿಯ ಬೆನ್ನಿಗೆ, ಹೊಟ್ಟೆಗೆ ಸವರಿ. ಎಲ್ಲವನ್ನೂ ಕಲಸಿದಂತೆ ಒಟ್ಟಿಗೆ ಗುಡ್ಡೆ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ತಾಯಿಯನ್ನು ಗೂಡಿನ ಮೇಲೆ ಇಡಬೇಡಿ. ಪಂಜರದ ಆಚೆ ತುದಿಯಲ್ಲಿ ಬಿಟ್ಟು, ಅವಳಾಗಿ ನಡೆದು ಬರಲಿ. ಸೇರಿಸುವ ಮುಂಚೆ ತಬ್ಬಲಿಗಳಿಗೆ ಮೂತ್ರ ಮಾಡಿಸದೆ ಇಡುವುದೂ ಒಳ್ಳೆಯದು. ತಾಯಿ ಮರಿಗಳ ಮೂತ್ರ ನೆಕ್ಕಿ, ಹಾಲಿನಲ್ಲಿ ಕಳೆದುಕೊಂಡ ನೀರಿನ ಒಂದಷ್ಟು ಪಾಲನ್ನು ವಾಪಸ್ ಪಡೆಯುತ್ತಾಳೆ. ಹೊಸ ಮರಿಯನ್ನು ನೆಕ್ಕಲು ಅವಳಿಗೆ ಅದೇ ಒಂದು ಕಾರಣವಾಗುತ್ತದೆ.

ಗೂಡಲ್ಲೇ ಇವೆ, ಬೆಚ್ಚಗೂ ಇವೆ, ಹೊಟ್ಟೆ ಮಾತ್ರ ಖಾಲಿ

ಹೆಚ್ಚು ಜನ ಇಲ್ಲಿ ಎಡವುತ್ತಾರೆ. ಕಾರಣವೂ ಒಂದಲ್ಲ.

ಎಲ್ಲ ಮರಿಗಳ ಹೊಟ್ಟೆಯೂ ಖಾಲಿಯಾ, ಒಂದೆರಡರದ್ದು ಮಾತ್ರವಾ ಅಂತ ಮೊದಲು ವಿಂಗಡಿಸಿ. ಎಲ್ಲವೂ ಖಾಲಿ ಅಂದರೆ ದೋಷ ತಾಯಿಯ ಕಡೆ ಅಥವಾ ಜಾಗದ ಕಡೆ ಇದೆ. ಒಂದೆರಡು ಮಾತ್ರ ಅಂದರೆ ಆ ಮರಿಗಳಲ್ಲೋ ಪೈಪೋಟಿಯಲ್ಲೋ ಇದೆ.

ಎಲ್ಲವೂ ಖಾಲಿಯಿದ್ದಾಗ ನಾನು ಮೊದಲು ಕೇಳುವ ಪ್ರಶ್ನೆ: ನೀವು ಗಂಟೆಗೆ ಎಷ್ಟು ಸಲ ಇಣುಕುತ್ತಿದ್ದೀರಿ? ಇಲಿಯಲ್ಲಿ ಹಾಲು ಒಂದೇ ಸಮನೆ ಹರಿಯಲ್ಲ. ಮರಿಗಳು ತೊಟ್ಟು ಹಿಡಿದು ಚೀಪುತ್ತಲೇ ಇರುತ್ತವೆ, ಹಾಲು ಮಾತ್ರ ಐದು ಹತ್ತು ನಿಮಿಷಕ್ಕೊಮ್ಮೆ ಕೆಲವು ಕ್ಷಣ ಇಳಿಯುತ್ತದೆ. ಅದೂ ತಾಯಿ ನಿದ್ದೆಯಲ್ಲಿದ್ದಾಗ. ನಿದ್ದೆಯ ನಡುವೆ ಮಿದುಳಿನಿಂದ ಆಕ್ಸಿಟೋಸಿನ್ ಎಂಬ, ಹಾಲು ಇಳಿಸುವ ಹಾರ್ಮೋನು ಅಲೆ ಅಲೆಯಾಗಿ ಬರುತ್ತದೆ, ಒಂದೊಂದು ಅಲೆಗೂ ಒಂದು ಸಲ ಹಾಲು. ನೀವು ಮುಚ್ಚಳ ತೆಗೆದ ಸದ್ದಿಗೆ ಅವಳು ಎಚ್ಚರವಾದಳು ಅನ್ನಿ, ಆ ಸರದಿ ಹೋಯಿತು. ಮತ್ತೆ ನಿದ್ದೆ ಹತ್ತಬೇಕು, ಮತ್ತೆ ಕಾಯಬೇಕು. ಮರಿಗಳಿಗೆ ಹಾಲು ಸಿಕ್ಕಿತಾ ಅಂತ ಚಿಂತೆಯಿಂದ ನೋಡುತ್ತಿರುವವರೇ ಹಾಲು ತಪ್ಪಿಸುತ್ತಿರುತ್ತಾರೆ.

ಹಾಲು ಇಳಿಯುವುದನ್ನು ಕಣ್ಣಾರೆ ನೋಡಬಹುದು. ಪಂಜರದ ಪಕ್ಕ ಮಂದ ಬೆಳಕಿನಲ್ಲಿ ಅಲುಗಾಡದೆ ಕೂರಿ. ತಾಯಿ ಬೆನ್ನು ಬಾಗಿಸಿಯೋ ಪಕ್ಕಕ್ಕೆ ಒರಗಿಯೋ ಮಲಗಿರುತ್ತಾಳೆ, ಮರಿಗಳು ಸುಮ್ಮನೆ ತೂಗುತ್ತಿರುತ್ತವೆ. ಇದ್ದಕ್ಕಿದ್ದಂತೆ ಸಾಲಾಗಿ ಎಲ್ಲ ಮರಿಗಳೂ ಒಟ್ಟಿಗೆ ಮೈ ನೆಟ್ಟಗೆ ಮಾಡಿ, ಹಿಂಗಾಲು ಚಾಚಿ, ಬಾಲ ಸೆಟೆಸುತ್ತವೆ. ಕೆಲವು ಕ್ಷಣ ಗಟಗಟ ಕುಡಿದು ಮತ್ತೆ ಸಡಿಲಾಗುತ್ತವೆ. ಚುಕ್ಕಿಯ ಹೊಟ್ಟೆಯಡಿ ಹನ್ನೊಂದು ಬಾಲಗಳು ಒಂದೇ ಸಲ ಕಡ್ಡಿಯಂತೆ ನಿಂತದ್ದನ್ನು ನೋಡಿದ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ. ಆ ಸೆಟೆತ ಕಂಡರೆ ಹಾಲು ಬರುತ್ತಿದೆ ಎಂದೇ ಅರ್ಥ. ಅರ್ಧ ಮುಕ್ಕಾಲು ಗಂಟೆ ನಿದ್ದೆಯಲ್ಲಿದ್ದು, ಮರಿಗಳೂ ತೊಟ್ಟಿಗೆ ಬಾಯಿ ಹಾಕಿದ್ದು, ಒಂದು ಸಲವೂ ಸೆಟೆಯದಿದ್ದರೆ ಹಾಲೇ ಇಲ್ಲ ಅಂತ ಅನುಮಾನ ಪಡಬೇಕು.

ಆದ್ದರಿಂದ ಎಲ್ಲ ಖಾಲಿ ಕಂಡಾಗ ಪಂಜರಕ್ಕೆ ಬಟ್ಟೆ ಮುಚ್ಚಿ, ನಾಯಿ ಬೆಕ್ಕು ಟಿವಿ ಸದ್ದು ದೂರ ಮಾಡಿ, ಎರಡು ಮೂರು ಗಂಟೆ ಪೂರ್ತಿ ಬಿಟ್ಟುಬಿಡಿ. ಆಮೇಲೆ ಒಂದು ಸಲ ಪಟ್ಟಿ ನೋಡಿ. ಬೇರೇನೂ ಮಾಡದೆ ಇಷ್ಟರಿಂದಲೇ ಸರಿಹೋಗುವುದು ಜಾಸ್ತಿ.

ಎರಡನೆಯ ಅನುಮಾನ ಬಿಸಿಯ ಮೇಲೆ. ಮರಿಗಳಿಗೆ ಚಳಿಯಾಗದಿರಲಿ ಅಂತ ಪ್ರೀತಿಯಿಂದ ಗೂಡಿನ ಕೆಳಗೆಲ್ಲ ಹೀಟಿಂಗ್ ಪ್ಯಾಡ್ ಹಾಕುತ್ತಾರೆ. ಹಾಲೂಡಿಸುವ ಇಲಿಯ ಮೈ ಮೊದಲೇ ಬಿಸಿ. ಮರಿಗಳ ಮೇಲೆ ಮಲಗಿದಷ್ಟು ಹೊತ್ತೂ ಅವಳ ಬಿಸಿ ಏರುತ್ತಾ ಹೋಗುತ್ತದೆ, ತಡೆಯಲಾಗದಷ್ಟು ಏರಿದಾಗ ಎದ್ದು ದೂರ ಹೋಗಿ ತಂಪಾಗಿ ಮಲಗುತ್ತಾಳೆ. ಗೂಡೇ ಬಿಸಿಯಿದ್ದರೆ ಅವಳು ಹಾಲು ಇಳಿಯುವ ಮೊದಲೇ ಏಳುತ್ತಾಳೆ. ಪಂಜರದ ತಂಪು ತುದಿಯಲ್ಲಿ ಮೈ ಚಾಚಿ ಮಲಗಿದವಳನ್ನು ನೋಡಿ ಮರಿಗಳನ್ನು ಬಿಟ್ಟಳು ಅಂತ ನೊಂದುಕೊಳ್ಳುವವರಿದ್ದಾರೆ. ಪ್ಯಾಡ್ ತೆಗೆದು ನೋಡಿ. ಹೀಟರ್ ಬೇಕಿರುವುದು ತಾಯಿಯಿಲ್ಲದ ಡಬ್ಬಿಗೆ. ತಾಯಿಯಿರುವ ಗೂಡಿಗೆ ದಪ್ಪನೆಯ ಹಾಸು ಸಾಕು. ಮರಿಗಳು ದೊಡ್ಡವಾದಂತೆ ಅವಳು ಗೂಡಿನಲ್ಲಿರುವ ಹೊತ್ತು ಹೇಗೂ ಕಡಿಮೆಯಾಗುತ್ತಾ ಹೋಗುತ್ತದೆ, ಅದು ಸಹಜ.

ಮೂರನೆಯದು ಸೋಪು. ಮರಿಗಳು ತೊಟ್ಟನ್ನು ಹುಡುಕುವುದು ಮೂಗಿನಿಂದ, ಕಣ್ಣಿನಿಂದಲ್ಲ. ತೊಟ್ಟಿನ ಮೇಲೆ ಮರಿಗಳದ್ದೇ ಜೊಲ್ಲಿನ ವಾಸನೆ ಇರುತ್ತದೆ. ಅದನ್ನು ತೊಳೆದುಬಿಟ್ಟರೆ ಎಳೆ ಮರಿಗಳು ತೊಟ್ಟು ಹಿಡಿಯುವುದೇ ಇಲ್ಲ ಅನ್ನುವುದು ಪ್ರಯೋಗಗಳಲ್ಲಿ ಗೊತ್ತಾಗಿದೆ. ಶುಚಿ ಇರಲಿ ಅಂತ ತಾಯಿಯ ಹೊಟ್ಟೆ ಒರೆಸಬೇಡಿ, ಸ್ನಾನ ಮಾಡಿಸಬೇಡಿ. ಗೂಡಿನ ಹಾಸನ್ನೂ ಮೊದಲ ಒಂದು ವಾರ ಪೂರ್ತಿ ಬದಲಿಸಬೇಡಿ. ಒದ್ದೆಯಾದ ಮೂಲೆ ಮಾತ್ರ ತೆಗೆಯಿರಿ.

ಒಂದೆರಡು ಮರಿ ಮಾತ್ರ ಖಾಲಿ ಇದ್ದರೆ ಕೆಲಸ ಸುಲಭ. ಹೊಟ್ಟೆ ತುಂಬಿದ ದಪ್ಪ ಮರಿಗಳಲ್ಲಿ ನಾಲ್ಕೈದನ್ನು ಬೆಚ್ಚಗಿನ ಡಬ್ಬಿಗೆ ಹಾಕಿ ಒಂದು, ಒಂದೂವರೆ ಗಂಟೆ ಹೊರಗಿಡಿ. ಸೊರಗಿದವಕ್ಕೆ ತೊಟ್ಟು ಖಾಲಿ ಸಿಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿದರೆ ಎರಡು ದಿನದಲ್ಲಿ ತೂಕ ಏರುತ್ತದೆ. ಒಂದೇ ಸಲ ಎಲ್ಲ ದೊಡ್ಡ ಮರಿಗಳನ್ನೂ ತೆಗೆಯಬೇಡಿ. ಎರಡು ಮೂರು ಮರಿಗಳಷ್ಟೇ ಚೀಪಿದರೆ ತಾಯಿಗೆ ಹಾಲು ಇಳಿಸುವಷ್ಟು ಪ್ರಚೋದನೆ ಸಿಗದೆ ಹೋಗಬಹುದು. ಬಾಯಿ ತೆರೆದು ಅಂಗುಳವನ್ನೂ ಒಮ್ಮೆ ನೋಡಿ. ಸೀಳಿದ್ದರೆ ಆ ಮರಿ ಹೀರಲಾರದು, ಪಶುವೈದ್ಯರಿಗೆ ತೋರಿಸಿ.

ತಾಯಿ ಮರಿ ಕಚ್ಚಿಕೊಂಡು ಸುತ್ತುತ್ತಿದ್ದಾಳೆ

ಇದು ಅವಳಿಗೆ ಜಾಗ ಹಿಡಿಸದಿರುವ ಗುರುತು. ಬೆಳಕು ನೇರವಾಗಿ ಬೀಳುತ್ತಿರಬಹುದು, ಗೂಡಿಗೆ ಮರೆ ಇಲ್ಲದಿರಬಹುದು, ಕಟ್ಟಲು ಸಾಮಾನು ಸಾಲದಿರಬಹುದು. ಎರಡು ಬಾಗಿಲಿನ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಬಣ್ಣ ಸೆಂಟು ಇಲ್ಲದ ಟಿಶ್ಯೂ ಕಾಗದವನ್ನು ಪಂಜರದೊಳಗೆ ಧಾರಾಳವಾಗಿ ಇಡಿ. ನೀವೇ ಗೂಡು ಕಟ್ಟಿಕೊಡಬೇಡಿ. ಅವಳು ಹರಿದು ಹರಿದು ಹೊತ್ತೊಯ್ದು ತಾನೇ ಕಟ್ಟಲಿ, ಆ ಕೆಲಸದಲ್ಲೇ ಅವಳ ಚಡಪಡಿಕೆ ಇಳಿಯುತ್ತದೆ. ಹತ್ತಿ ಮತ್ತು ಉದ್ದ ದಾರ ಬೇಡ, ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲುತ್ತದೆ. ಪಂಜರದಲ್ಲಿ ಬೇರೆ ಇಲಿಗಳಿದ್ದರೆ ಈಗಲೇ ಬೇರೆ ಮಾಡಿ.

ಗಂಡು ಇದ್ದರಂತೂ ಒಂದು ಗಂಟೆಯೂ ತಡ ಮಾಡಬೇಡಿ. ಹೆಣ್ಣಿಲಿ ಮರಿ ಹಾಕಿದ 24 ಗಂಟೆಯೊಳಗೆ ಮತ್ತೆ ಗಬ್ಬವಾಗಬಲ್ಲಳು. ಹಾಗಾದರೆ ಈ ಮರಿಗಳು ಹಾಲು ಬಿಡುವ ಹೊತ್ತಿಗೇ ಮುಂದಿನ ಗುಂಪು ಹುಟ್ಟುತ್ತದೆ, ದೊಡ್ಡವು ಚಿಕ್ಕವರ ಹಾಲನ್ನೆಲ್ಲ ಕುಡಿದುಬಿಡುತ್ತವೆ.

ಕಚ್ಚಿದ ಗಾಯ ಕಂಡರೆ

ಜೋರಾಗಿ ನೆಕ್ಕುವುದು, ಮರಿಯನ್ನು ಮುಂಗಾಲಲ್ಲಿ ಹಿಡಿದು ತಿರುಗಿಸುವುದು, ಬೆನ್ನಿನ ಚರ್ಮ ಹಿಡಿದು ಎತ್ತುವುದು, ಆಗ ಮರಿ ಕಿರುಚುವುದು, ಇವೆಲ್ಲ ಸಹಜ. ಭಯಪಡಬೇಡಿ. ರಕ್ತ ಬಂದಿದ್ದರೆ, ಬಾಲವೋ ಬೆರಳೋ ತುಂಡಾಗಿದ್ದರೆ ಆಗ ಮಾತ್ರ ತಬ್ಬಲಿಗಳನ್ನು ಕೂಡಲೇ ಹೊರತೆಗೆಯಿರಿ. ಅವಳ ಸ್ವಂತ ಮರಿಗಳ ಮೇಲೂ ಗಾಯವಿದೆಯಾ ನೋಡಿ. ಇದ್ದರೆ ಅವಳು ನೋವಿನಲ್ಲೋ ಭಯದಲ್ಲೋ ಇದ್ದಾಳೆ. ಸತ್ತ ಮರಿಯನ್ನು ತಿಂದದ್ದು ಕಂಡರೆ ಅವಳನ್ನು ದೂರಬೇಡಿ. ಗೂಡು ಕೊಳೆಯದಂತೆ, ವಾಸನೆ ಹೊರಗೆ ಹೋಗದಂತೆ ಇಲಿಗಳು ಹಾಗೆ ಮಾಡುತ್ತವೆ. ಕೊಂದದ್ದೋ ಸತ್ತ ಮೇಲೆ ತಿಂದದ್ದೋ ಅನ್ನುವುದು ಗೊತ್ತಾಗಲು ಉಳಿದ ಮರಿಗಳ ಮೈ ನೋಡುವುದೊಂದೇ ದಾರಿ.

ದೋಷ ತಾಯಿಯ ಮೈಯಲ್ಲಿದ್ದರೆ

ದನಗಳಲ್ಲಿ ಕೆಚ್ಚಲು ಬಾವು ಅಂತೀವಲ್ಲ, ಇಲಿಗೂ ಅದು ಬರುತ್ತದೆ. ತೊಟ್ಟಿನ ಸುತ್ತ ಗಟ್ಟಿಯಾಗಿ, ಕೆಂಪಾಗಿ ಅಥವಾ ನೀಲಿಯಾಗಿ, ಮುಟ್ಟಿದರೆ ಬಿಸಿಯಾಗಿರುತ್ತದೆ. ಅವಳು ಹೊಟ್ಟೆ ಮುಟ್ಟಗೊಡಲ್ಲ, ಮರಿ ಬಾಯಿ ಹಾಕಿದ ಕೂಡಲೇ ಏಳುತ್ತಾಳೆ. ಇದಕ್ಕೆ ಮನೆಮದ್ದು ಬೇಡ, ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಮೈ ರೋಮ ಕೆದರಿ, ಕಣ್ಣು ಮೂಗಿನ ಸುತ್ತ ಕೆಂಪು ನೀರು ಒಣಗಿ, ಉಸಿರಾಟದಲ್ಲಿ ಸದ್ದು ಇದ್ದರೂ ಹಾಗೇ.

ಬಾವು ಇಲ್ಲದೆ ಹಾಲು ಕಡಿಮೆಯಿದ್ದರೆ ನೀರಿನ ಬಾಟಲಿ ನೋಡಿ. ನಳಿಕೆಯ ಗುಂಡು ಸಿಕ್ಕಿಹಾಕಿಕೊಂಡು ನೀರು ಬರದೆ ಇರುವುದು ಬಹಳ ಸಲ ಆಗುತ್ತದೆ. ಬೆರಳಿಟ್ಟು ಒತ್ತಿ ನೋಡಿ. ಹಾಲು ಅತಿ ಹೆಚ್ಚು ಬೇಕಾಗುವ ಎರಡನೇ ವಾರದಲ್ಲಿ ಅವಳು ಮಾಮೂಲಿಗಿಂತ ಎರಡು ಮೂರು ಪಟ್ಟು ತಿನ್ನುತ್ತಾಳೆ. ಮಾಮೂಲಿ ಆಹಾರವನ್ನು ಮುಗಿಯದಂತೆ ಇಟ್ಟು, ಬೇಯಿಸಿದ ಮೊಟ್ಟೆಯಂಥ ಪ್ರೋಟೀನ್ ಜಾಸ್ತಿ ಇರುವ ತಿನಿಸನ್ನು ದಿನಾ ಸ್ವಲ್ಪ ಕೊಡಿ. ಊಟ, ನೀರು ಎರಡೂ ಗೂಡಿನಿಂದ ನಾಲ್ಕು ಹೆಜ್ಜೆಯೊಳಗೆ ಇರಲಿ.

ಸಣ್ಣ ಪುಟ್ಟ ದೋಷಗಳು

ಬಾಲದ ಮೇಲೆ ಉಂಗುರದಂತೆ ಕುಗ್ಗಿದ ಗೆರೆಗಳು ಕಂಡರೆ ಗಾಳಿ ಒಣಗಿದೆ. ಕೋಣೆಯ ತೇವಾಂಶ ಶೇಕಡಾ 40ಕ್ಕಿಂತ ಕೆಳಗಿದ್ದರೆ ಹೀಗಾಗುತ್ತದೆ, 50ರ ಸುತ್ತ ಇಟ್ಟುಕೊಳ್ಳಿ. ಬಿಟ್ಟರೆ ಬಾಲದ ತುದಿ ಉದುರಬಹುದು.

ಕೆಳಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ತಾಯಿ ನೆಕ್ಕಿ ಮೂತ್ರ ಮಾಡಿಸಿಲ್ಲ. ಎರಡು ಎರಡೂವರೆ ವಾರದ ತನಕ ಮರಿಗಳು ತಾವಾಗಿ ಸರಿಯಾಗಿ ಮಾಡಲಾರವು. ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯಿಂದ ಮೂತ್ರ ಬರುವ ಜಾಗವನ್ನು ನೆಕ್ಕಿದಂತೆ ಮೆಲ್ಲಗೆ ಸವರಿ.

ಕೈಯಲ್ಲಿ ಹಾಲು ಕೊಡಲೇಬೇಕಾದಾಗ

ಮೇಲಿನದ್ದೆಲ್ಲ ಮಾಡಿಯೂ ಆರು ಗಂಟೆ ಹೊಟ್ಟೆ ಖಾಲಿಯಾಗಿಯೇ ಉಳಿದ ಮರಿಗೆ ನಾವು ಕೊಡಬೇಕು. ಹಸುವಿನ ಹಾಲು ಬೇಡ. ಇಲಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಬಹಳ ಜಾಸ್ತಿ. ಬೆಕ್ಕಿನ ಮರಿಗಳಿಗೆಂದು ಬರುವ ಹಾಲಿನ ಪುಡಿ, ಅದಿಲ್ಲದಿದ್ದರೆ ಶಿಶುಗಳ ಸೋಯಾ ಹಾಲಿನ ಪುಡಿ ಉಪಯೋಗಿಸಿ. ಉಗುರುಬೆಚ್ಚಗೆ ಇರಲಿ. ಒಂದು ಹೊತ್ತಿಗೆ ಮರಿಯ ತೂಕದ ಇಪ್ಪತ್ತನೇ ಒಂದು ಭಾಗ ಸಾಕು, ಅಂದರೆ 6 ಗ್ರಾಂ ಮರಿಗೆ 0.3 ಮಿಲಿಲೀಟರ್. ಮೊದಲ ವಾರ ಎರಡು ಗಂಟೆಗೊಮ್ಮೆ, ರಾತ್ರಿಯೂ.

ಬಾಯಿಗೆ ಸಿರಿಂಜ್ ಒತ್ತಬೇಡಿ. ಹೊಸದಾದ, ತೊಳೆದ, ಸಣ್ಣ ಬಣ್ಣದ ಕುಂಚದ ತುದಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ತಾಗಿಸಿ, ಮರಿಯೇ ಚೀಪಿಕೊಳ್ಳಲಿ. ಹೊಟ್ಟೆ ಕೆಳಗಾಗಿ ಹಿಡಿಯಿರಿ. ಮೂಗಿನಿಂದ ಹಾಲಿನ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ, ಕಾಗದದ ತುದಿಯಿಂದ ಒರೆಸಿ. ಉಸಿರು ಸರಿಯಾಗುವ ತನಕ ಮತ್ತೆ ಕೊಡಬೇಡಿ. ಕೊಟ್ಟಾದ ಮೇಲೆ ಬಾಯಿ ಒರೆಸಿ, ಗೂಡಿನ ಹಾಸಿನಲ್ಲಿ ಉರುಳಿಸಿ ವಾಪಸ್ ಗೂಡಿಗೇ ಸೇರಿಸಿ. ಹಾಲು ನೀವು ಕೊಟ್ಟರೂ ಬಿಸುಪು, ನೆಕ್ಕುವಿಕೆ, ಒಡಹುಟ್ಟಿದವರ ಮೈ ತಾಯಿಯ ಗೂಡಿನಲ್ಲೇ ಸಿಗಬೇಕು. ಮರಿಗೆ ಸ್ವಲ್ಪ ಬಲ ಬಂದರೆ ತೊಟ್ಟು ತಾನೇ ಹುಡುಕಿಕೊಳ್ಳುತ್ತದೆ. ಎಷ್ಟೋ ಮರಿಗಳಿಗೆ ಒಂದೇ ದಿನ ಕೈಹಾಲು ಸಾಕಾಗುತ್ತದೆ.

ಕಣ್ಣು ಬಿಟ್ಟ ಮೇಲೆ

ಎರಡು ವಾರ ದಾಟಿದರೆ ಅಪಾಯ ಬಹಳ ಮಟ್ಟಿಗೆ ಕಳೆಯಿತು. ಮರಿಗಳು ತಾಯಿಯ ತಟ್ಟೆಯಿಂದ ನೆನೆಸಿದ ಆಹಾರ ಕಡಿಯತೊಡಗುತ್ತವೆ. 21 ದಿನಕ್ಕೆ ಹಾಲು ಬಿಡಿಸಬಹುದು, ಸೊರಗಿದ್ದ ಮರಿಯಿದ್ದರೆ ಇನ್ನೊಂದು ವಾರ ಬಿಡಿ. ಅದನ್ನು ದೊಡ್ಡವುಗಳ ಲೆಕ್ಕಕ್ಕೆ ಸೇರಿಸಿ ಅವಸರ ಮಾಡಬೇಡಿ. ಐದು ವಾರ ತುಂಬುವ ಮುಂಚೆ ಗಂಡುಗಳನ್ನು ಬೇರೆ ಪಂಜರಕ್ಕೆ ಹಾಕಲೇಬೇಕು, ಆ ವಯಸ್ಸಿಗೆ ಅವು ಬೆಳೆದು ನಿಂತಿರುತ್ತವೆ. ಬಾಲದ ಬುಡದಲ್ಲಿ ಎರಡು ರಂಧ್ರಗಳ ನಡುವಿನ ಅಂತರ ಗಂಡಿನಲ್ಲಿ ಹೆಣ್ಣಿಗಿಂತ ಜಾಸ್ತಿ. ಅನುಮಾನವಿದ್ದರೆ ಎರಡು ಮರಿಗಳನ್ನು ಪಕ್ಕ ಪಕ್ಕ ಹಿಡಿದು ಹೋಲಿಸಿ ನೋಡಿ.